ಪೆಂಗ್ವಿನ್ ಮೊಟ್ಟೆಯಲ್ಲಿ ಡೀಸೆಲ್

ಆ ಮನುಷ್ಯ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದುಬಿಟ್ಟಿದ್ದರು. ನಮ್ಮಲ್ಲಿ ನೆಲದ ಮೇಲೆ ಗಾಜಿನ ಚೂರು, ದ್ರಾವಕದ ಹನಿ ಏನು ಬೇಕಾದರೂ ಬಿದ್ದಿರಬಹುದು. ಯಾರು, ಏಕೆ ಬಂದರು ಎಂದು ಕೇಳುವ ಮೊದಲೇ ನಾನು ಗದರಿದೆ.

"ರೀ, ಇದು ದೇವಸ್ಥಾನ ಅಲ್ಲ. ಹೋಗಿ ಚಪ್ಪಲಿ ಹಾಕ್ಕೊಂಡು ಬನ್ರೀ."

ಹೋಗಿ ಹಾಕಿಕೊಂಡು ಬಂದರು. ಮೇಜಿನ ಆಚೆ ಕೈಕಟ್ಟಿ ನಿಂತರು. ವಯಸ್ಸು ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಹೋಗದ ಕಪ್ಪು ಗ್ರೀಸ್.

"ಮೇಡಮ್, ಪೆಂಗ್ವಿನ್ ಮೊಟ್ಟೇಲಿ ಡೀಸೆಲ್ ಐತೆ ಅಂತ ಬರ್ದಿರೋರು ನೀವೇನಾ?"

ಬರೆದದ್ದು ನಾನೇ. ಆದರೆ ಡೀಸೆಲ್ ಎಂಬ ಪದ ನನ್ನದಲ್ಲ. 'ತೈಲಮೂಲದ ಮಾಲಿನ್ಯವಿರುವ ಸಾಧ್ಯತೆ, ಇನ್ನೂ ಪರೀಕ್ಷೆ ಅಗತ್ಯ' ಎಂದು ಒಂದು ಪ್ರಾಥಮಿಕ ವರದಿ ಕಳಿಸಿದ್ದೆ. ಅದು ಮೇಜಿನಿಂದ ಮೇಜಿಗೆ ಮೇಲೇರುತ್ತಾ ಸಾಧ್ಯತೆ ಉದುರಿಹೋಗಿತ್ತು, ತೈಲ ಡೀಸೆಲ್ ಆಗಿತ್ತು, ಡೀಸೆಲ್ ಚೆಲ್ಲಿದವನೊಬ್ಬ ಬೇಕಾಗಿದ್ದ. ಅಂಟಾರ್ಕ್ಟಿಕದ ನಮ್ಮ ನೆಲೆಯಲ್ಲಿ ಆ ವರ್ಷ ಜನರೇಟರ್ ಮತ್ತು ಇಂಧನದ ಟ್ಯಾಂಕುಗಳನ್ನು ನೋಡಿಕೊಂಡಿದ್ದ ಮೆಕ್ಯಾನಿಕ್ ಇವರು. ಹುಣಸಮಾರನಹಳ್ಳಿಯವರು. ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲವದು. ಆ ಧೂಳು, ಆ ಟ್ರಾಫಿಕ್ಕು ದಾಟಿಕೊಂಡು, ಸೋಲದೇವನಹಳ್ಳಿಯ ಹತ್ತಿರದ ನಮ್ಮ ಕಟ್ಟಡವನ್ನು ಕೇಳಿಕೊಂಡು ಕೇಳಿಕೊಂಡು ಬಂದಿದ್ದರು.

"ಮುಂದಿನ ತಂಡದಾಗೆ ನನ್ನೆಸ್ರು ಇತ್ತು ಮೇಡಮ್. ತೆಗ್ದವ್ರೆ. ಎಂಕ್ವೈರಿ ಮುಗಿಯೋಗಂಟ ಡ್ಯೂಟಿಗೂ ಬರ್ಬೇಡ ಅಂದವ್ರೆ. ತೆಪ್ಪು ಅಂತ ಆದ್ರೆ ಕೆಲ್ಸಾನೇ ಓಗ್ತದೆ."

"ಚೆಲ್ಲಿದ್ರಾ?"

"ಇಲ್ಲ. ಪೈಪ್ ಬಿಚ್ಚೋವಾಗೆಲ್ಲ ಕೆಳ್ಗೆ ಟ್ರೇ ಇಡ್ತಿದ್ದೆ. ಒಂದ್ ತೊಟ್ಟು ಬಿದ್ರೂ ಆ ಹಿಮ ಬಗ್ದು ಡ್ರಮ್ಮಿಗೆ ತುಂಬಿ ಹಡ್ಗಿಗೇ ವಾಪಸ್ ಕಳುಸ್ಬೇಕು, ಅಲ್ಲಿ ರೂಲ್ಸು ಅಂಗೆ." ಕಟ್ಟಿದ ಕೈ ಬಿಚ್ಚಿ ಹೇಳಿದರು: "ಊರಾಗೆ ಏನಂತವ್ರೆ ಗೊತ್ತಾ ಮೇಡಮ್, ಡೀಸೆಲ್ ಕದ್ದು ಮಾರ್ಕೊಂಡು ಸಿಕ್ಕಾಕ್ಕೊಂಡವ್ನೆ ಅಂತ. ಅಲ್ಲಿ ಯಾರಿಗ್ ಮಾರ್ಲಿ ನಾನು, ಪೆಂಗ್ವಿನ್‌ಗಾ?"

ನಗು ಬಂತು, ನಗಲಿಲ್ಲ. ಯಂತ್ರ ತೋರಿಸಿದ ಅಂಕಿ ಏನು ಹೇಳುತ್ತದೋ ನಾನೂ ಅದನ್ನೇ ಹೇಳಬೇಕು, ಬೇರೇನೂ ನನ್ನ ಕೈಯಲ್ಲಿಲ್ಲ ಎಂದು ಒಣ ದನಿಯಲ್ಲಿ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಅಂಕಿ ನಿಜವಾಗಿ ಏನು ಹೇಳುತ್ತಿದೆ ಎಂದು ನಾನು ಒಂದು ಸಲ ಸರಿಯಾಗಿ ಕೂತು ನೋಡಿರಲೇ ಇಲ್ಲ. ಮೇಲಿನವರು ಬೇಗ ಕೊಡಿ ಎಂದಿದ್ದರು, ಕೊಟ್ಟಿದ್ದೆ.

ಮೊಟ್ಟೆಗಳನ್ನು ತಂದವನು ನಮ್ಮದೇ ಸಂಸ್ಥೆಯ ಜೀವಶಾಸ್ತ್ರಜ್ಞ, ನನಗಿಂತ ಹತ್ತು ವರ್ಷ ಚಿಕ್ಕವನು. ಪೆಂಗ್ವಿನ್‌ಗಳು ಕೆಲವು ಮೊಟ್ಟೆಗಳನ್ನು ಕಾವು ಕೂರದೆ ಬಿಟ್ಟು ಹೋಗುತ್ತವೆ. ಮರಿಯಾಗದ ಅಂಥ ಮೊಟ್ಟೆಗಳನ್ನು ಮಾತ್ರ, ಅನುಮತಿ ಪಡೆದು, ಅವನು ಆರಿಸಿಕೊಂಡಿದ್ದ. ಒಂದೊಂದನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎರಡು ಪೆಟ್ಟಿಗೆಗಳಲ್ಲಿ ಇಟ್ಟು, ಹಡಗು, ವಿಮಾನ, ಲಾರಿ ಎಲ್ಲ ಹತ್ತಿಸಿ ನಮ್ಮ ಫ್ರೀಜರ್‌ಗೆ ತಲುಪಿಸಿದ್ದ. ಮೊದಲ ಪೆಟ್ಟಿಗೆಯ ಮೊಟ್ಟೆಗಳನ್ನು ಒಡೆದು, ಲೋಳೆ ಹಳದಿ ಕಲೆಸಿ, ಕೊಬ್ಬಿನ ಜೊತೆ ಸೇರಿರುವ ರಾಸಾಯನಿಕಗಳನ್ನು ದ್ರಾವಕದಲ್ಲಿ ಬಿಡಿಸಿ, ಯಂತ್ರಕ್ಕೆ ಕೊಟ್ಟವಳು ನಾನು. ಎಣ್ಣೆಯಲ್ಲೂ ಹೊಗೆಯಲ್ಲೂ ಇರುವ ಒಂದು ಗುಂಪಿನ ರಾಸಾಯನಿಕಗಳಿವೆ. ಅವುಗಳಲ್ಲಿ ಎಲ್ಲ ಪ್ರಯೋಗಾಲಯದವರೂ ಹುಡುಕುವಂಥವುಗಳ ಒಂದು ಸಿದ್ಧ ಪಟ್ಟಿ ಇದೆ. ಯಂತ್ರ ಆ ಪಟ್ಟಿಯಲ್ಲಿ ಇದ್ದವನ್ನಷ್ಟೇ ಹುಡುಕಿ, ಒಟ್ಟು ಕೂಡಿಸಿ ಕೊಟ್ಟಿತ್ತು. ಒಟ್ಟು ಗಾಬರಿ ಬೀಳುವಷ್ಟಿತ್ತು.

ಈಗ ಆ ಒಟ್ಟನ್ನು ಬಿಡಿಸಿ ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ವಸ್ತು: ನ್ಯಾಫ್ತಲೀನ್. ಪಟ್ಟಿಯಲ್ಲಿದ್ದ ಉಳಿದವೆಲ್ಲ ಹೆಸರಿಗಷ್ಟೇ.

ನ್ಯಾಫ್ತಲೀನ್ ಡೀಸೆಲ್‌ನಲ್ಲೂ ಇರುತ್ತದೆ, ಸುಳ್ಳಲ್ಲ. ಆದರೆ ಡೀಸೆಲ್‌ನಲ್ಲಿ ಅದು ಒಂಟಿಯಾಗಿ ಬರುವುದಿಲ್ಲ. ಅದರದೇ ದಾಯಾದಿಗಳು, ಮೀಥೈಲ್ ಸೇರಿಕೊಂಡ ನ್ಯಾಫ್ತಲೀನ್‌ಗಳು, ಅದಕ್ಕಿಂತ ಜಾಸ್ತಿಯಾಗಿಯೇ ಬರುತ್ತವೆ. ಅವು ನಮ್ಮ ಸಿದ್ಧ ಪಟ್ಟಿಯಲ್ಲಿರಲಿಲ್ಲ. ಯಂತ್ರಕ್ಕೆ ನಾವು ಕೇಳಿರಲಿಲ್ಲ, ಅದು ಹೇಳಿರಲಿಲ್ಲ. ಡೀಸೆಲ್ ಹೌದೋ ಅಲ್ಲವೋ ಎಂದು ತಿಳಿಯಲು ಸಾಧ್ಯವೇ ಇಲ್ಲದ ಪರೀಕ್ಷೆಯ ಮೇಲೆ ಒಬ್ಬ ಮನುಷ್ಯನನ್ನು ಮನೆಯಲ್ಲಿ ಕೂರಿಸಿದ್ದರು.

ನಿರ್ದೇಶಕರ ಬಳಿ ಹೋದೆ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಕೆಟ್ಟವರಲ್ಲ, ಆದರೆ ತಲೆನೋವು ಬೇಡ ಎನ್ನುವ ಪೈಕಿ.

"ನೋಡಮ್ಮ, ತಿಂಗಳ ಕೊನೇಲಿ ವಿಚಾರಣೆ ಸಮಿತಿ ಕೂರುತ್ತೆ. ಈಗ ವರದಿ ವಾಪಸ್ ತಗೊಂಡ್ರೆ ಲ್ಯಾಬಿನ ಮಾನ ಏನಾಗ್ಬೇಕು?"

"ತಪ್ಪು ವರದಿ ಉಳಿಸ್ಕೊಂಡ್ರೆ ಮಾನ ಉಳಿಯುತ್ತಾ ಸರ್?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಮಾತು. ಆ ಮೆಕ್ಯಾನಿಕ್ಕು ನಿನ್ನನ್ನ ಬಂದು ನೋಡಿದ್ನಂತೆ. ಅವನು ನಿಮ್ಮ ಕಡೆಯವನಂತಲ್ಲ."

ಮೈ ಉರಿದುಹೋಯಿತು. ನಾನಿರುವುದು ಯಲಹಂಕ. ಹುಣಸಮಾರನಹಳ್ಳಿ ಎಂದರೆ ನನಗೆ ಏರ್‌ಪೋರ್ಟಿಗೆ ಹೋಗುವಾಗ ಸಿಗುವ ಒಂದು ಬಸ್ ಸ್ಟಾಪು, ಅಷ್ಟೇ. ಹಾಗೆಂದು ಹೇಳಿದೆ.

"ನಾನು ನಂಬ್ತೀನಮ್ಮ. ಸಮಿತಿಯೋರು ನಂಬಬೇಕಲ್ಲ. ಡೀಸೆಲ್ ಅಲ್ಲ ಅಂತ ಹೇಳಿದ್ರೆ ಮತ್ತೇನು ಅಂತ ಕೇಳ್ತಾರೆ. ಅದಕ್ಕೆ ಉತ್ತರ ಇಟ್ಕೊಂಡು ಬಾ. ಇಲ್ದಿದ್ರೆ ನಮ್ಮೂರೋನು ಅಂತ ಮುಚ್ಚಾಕಿದಳು ಅಂತಾರೆ. ಆಗ ಅವನೂ ಹೋದ, ನೀನೂ ಹೋದೆ."

ಮಾತು ಕಹಿಯಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ಮೊದಲ ಪೆಟ್ಟಿಗೆಯ ಮೊಟ್ಟೆಗಳಲ್ಲಿ ಉಳಿದಿದ್ದ ಚೂರುಪಾರು ಫ್ರೀಜರ್‌ನಲ್ಲಿತ್ತು. ಅದನ್ನೇ ತೆಗೆದು ಮತ್ತೆ ಪರೀಕ್ಷೆಗೆ ಕೂತೆ. ಈ ಸಲ ಯಂತ್ರಕ್ಕೆ ಪಟ್ಟಿ ಕೊಡಲಿಲ್ಲ, ಒಳಗೆ ಏನಿದೆಯೋ ಎಲ್ಲ ತೋರಿಸು ಎಂದು ಬಿಟ್ಟೆ. ಪರದೆಯ ಮೇಲೆ ನ್ಯಾಫ್ತಲೀನ್ ಗೋಪುರದ ಹಾಗೆ ಎದ್ದು ನಿಂತಿತು. ದಾಯಾದಿಗಳು ಬರಬೇಕಾದ ಜಾಗದಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡೇ ಇತ್ತು. ಡೀಸೆಲ್ ಅಲ್ಲ. ಯಾವ ಇಂಧನವೂ ಅಲ್ಲ. ಅಚ್ಚ ನ್ಯಾಫ್ತಲೀನ್.

ಅಚ್ಚ ನ್ಯಾಫ್ತಲೀನ್ ಎಂದರೆ ನುಸಿಗುಳಿಗೆ, ಅದು ಯಾವ ಕೆಮಿಸ್ಟ್ರಿ ವಿದ್ಯಾರ್ಥಿಗೂ ಗೊತ್ತು. ನಾನು ಎದ್ದು ಕಟ್ಟಡವೆಲ್ಲ ಸುತ್ತಿದೆ. ಕೈತೊಳೆಯುವ ಬೇಸಿನ್‌ಗಳಲ್ಲೆಲ್ಲ ಬಿಳಿ ಗುಳಿಗೆ ಬಿದ್ದಿದ್ದವು. ಒಂದು ಕ್ಷಣ ನಮ್ಮ ಕಟ್ಟಡದ್ದೇ ಎಂದುಕೊಂಡೆ. ಆದರೆ ನಾವು ಪ್ರತಿ ಸಲವೂ ಮೊಟ್ಟೆ ಇಲ್ಲದೆ ಬರೀ ದ್ರಾವಕ, ಬರೀ ಗಾಜಿನ ಸಾಮಾನು ಇಟ್ಟುಕೊಂಡು ಅದೇ ಕೆಲಸವನ್ನು ಅದೇ ಮೇಜಿನ ಮೇಲೆ ಇನ್ನೊಮ್ಮೆ ಮಾಡುತ್ತೇವೆ. ಇದಕ್ಕೆ ಖಾಲಿ ಪರೀಕ್ಷೆ ಎನ್ನುತ್ತೇವೆ. ನಮ್ಮ ಗಾಳಿಯಲ್ಲಿ, ನಮ್ಮ ಸಾಮಾನಿನಲ್ಲಿ ಕೊಳೆ ಇದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ಖಾಲಿ ಪರೀಕ್ಷೆಗಳೂ ಶುದ್ಧವಾಗಿದ್ದವು. ಅಂದರೆ ಮೊಟ್ಟೆ ನಮ್ಮ ಮೇಜಿಗೆ ಬರುವ ಮೊದಲೇ ಅದು ಒಳಗೆ ಸೇರಿತ್ತು. ಹಿಮದ ಖಂಡದಲ್ಲಿ ನುಸಿ ಎಲ್ಲಿ, ನುಸಿಗುಳಿಗೆ ಎಲ್ಲಿ? ತಲೆ ಕೆಟ್ಟುಹೋಯಿತು.

ಜೀವಶಾಸ್ತ್ರಜ್ಞನನ್ನು ಕರೆದು ಕೇಳಿದರೆ ಅವನು ತಡಬಡಾಯಿಸಿದ. "ಎಲ್ಲಾ ಪ್ರೋಟೊಕಾಲ್ ಪ್ರಕಾರಾನೇ ಮಾಡಿದ್ದು ಮೇಡಮ್. ಫಾಯಿಲ್, ಚೀಲ, ಪೆಟ್ಟಿಗೆ. ಇನ್ನೇನಿರುತ್ತೆ?"

"ಬಾಯಲ್ಲಿ ಹೇಳ್ಬೇಡ. ಅಲ್ಲಿ ಹೆಂಗ್ ಪ್ಯಾಕ್ ಮಾಡಿದ್ಯೋ ಹಂಗೇ ನನ್ನ ಮುಂದೆ ಮಾಡಿ ತೋರ್ಸು."

ಎರಡನೇ ಪೆಟ್ಟಿಗೆಯನ್ನು ನಾವಿನ್ನೂ ಬಿಚ್ಚಿರಲಿಲ್ಲ. ಅದನ್ನು ಶೀತಲ ಕೋಣೆಗೆ ತಂದು ಅವನ ಮುಂದಿಟ್ಟೆ. ಅವನು ಟೇಪು ಕತ್ತರಿಸಿ ಮುಚ್ಚಳ ತೆಗೆದ. ಒಳಗೆ ಕಂಡದ್ದು ಮೊಟ್ಟೆಯಲ್ಲ. ಮರೂನ್ ಬಣ್ಣದ ಒಂದು ಉಣ್ಣೆ ಸ್ವೆಟರು, ಒಂದು ಮಂಕಿ ಕ್ಯಾಪು, ಎರಡು ಜೊತೆ ಕಾಲುಚೀಲ. ಅವುಗಳ ಮಡಿಕೆಗಳ ನಡುವೆ ಬಾಣಂತಿಯ ಮಗ್ಗುಲಲ್ಲಿ ಕೂಸು ಮಲಗಿಸಿದ ಹಾಗೆ ಫಾಯಿಲ್ ಸುತ್ತಿದ ಮೊಟ್ಟೆಗಳು.

"ಇದೇನೋ ಇದು?"

"ಮೊಟ್ಟೆ ಒಡೀಬಾರ್ದಲ್ಲ ಮೇಡಮ್. ಥರ್ಮೊಕೋಲ್ ಮಣಿ ಅಲ್ಲಿಗೆ ತಗೊಂಡೇ ಹೋಗೋ ಹಾಗಿಲ್ಲ, ಹಕ್ಕಿಗಳು ನುಂಗ್ತಾವೆ ಅಂತ ಬ್ಯಾನು. ಹಡಗು ಬಂದ್ಬಿಟ್ಟಿತ್ತು. ಕೈಗೆ ಸಿಕ್ಕಿದ ಮೆತ್ತನೆ ಬಟ್ಟೆ ತುಂಬ್ದೆ. ಮೊದಲ್ನೇ ಪೆಟ್ಟಿಗೇಲೂ ಹಿಂಗೇ ಇತ್ತು. ಮೊಟ್ಟೆ ನಿಮಗೆ ಕೊಟ್ಟು ಬಟ್ಟೆ ಎತ್ತಿಟ್ಟಿದೀನಿ."

ಸ್ವೆಟರನ್ನು ಎತ್ತಿ ಮೂಗಿಗೆ ಹಿಡಿದೆ. ಚಳಿಗೆ ಏನೂ ವಾಸನೆಯಿರಲಿಲ್ಲ. ಹೊರಗೆ ತಂದು ಕಿಟಕಿಯ ಬಿಸಿಲಿಗೆ ಹರಡಿದೆ. ಸ್ವಲ್ಪ ಹೊತ್ತಿಗೆಲ್ಲ ಬಂತು. ನನ್ನ ಅಜ್ಜಿಯ ಟ್ರಂಕಿನ ವಾಸನೆ. ಮದುವೆಯ ರೇಷ್ಮೆ ಸೀರೆ, ರಗ್ಗು, ಚಳಿಗಾಲದ ಶಾಲು, ಈ ಊರಿನಲ್ಲಿ ಯಾರ ಮನೆಯ ಟ್ರಂಕು ತೆಗೆದರೂ ಮುಖಕ್ಕೆ ಹೊಡೆಯುವ ಅದೇ ವಾಸನೆ. ನ್ಯಾಫ್ತಲೀನ್ ಆವಿಯಾಗಿ ಪ್ಲಾಸ್ಟಿಕ್ ದಾಟುತ್ತದೆ, ಫಾಯಿಲಿನ ಮಡಿಕೆಯ ಸಂದಿಯಲ್ಲಿ ನುಗ್ಗುತ್ತದೆ. ಮೊಟ್ಟೆಯ ಚಿಪ್ಪಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಳಗಿರುವುದು ಕೊಬ್ಬು. ತಿಂಗಳುಗಟ್ಟಲೆ ಪ್ರಯಾಣ. ಇನ್ನು ಹೇಳುವುದೇನಿದೆ.

"ಯಾರದಪ್ಪ ಈ ಸ್ವೆಟರು?"

ಅವನು ನೆಲ ನೋಡುತ್ತ ಹೇಳಿದ. "ಮೆಕ್ಯಾನಿಕ್ ಅಣ್ಣಂದು. ಮನೆಯಿಂದ ತಂದಿದ್ದು ಅವರ ಟ್ರಂಕಲ್ಲಿ ಹಂಗೇ ಇತ್ತಂತೆ, ನಮಗೆ ಅಲ್ಲಿ ದಪ್ಪ ಜಾಕೆಟ್ ಕೊಡ್ತಾರಲ್ಲ. ನಾನು ಪರದಾಡ್ತಿದ್ದು ನೋಡಿ ಅವರೇ ತಂದುಕೊಟ್ರು. ಮೊಟ್ಟೆ ಜೋಪಾನ ಕಣಪ್ಪ ಅಂದ್ರು."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆದರೆ ವಾಸನೆ ಸಾಕ್ಷಿಯಲ್ಲ. ಸ್ವೆಟರಿನ ಒಂದು ಎಳೆಯನ್ನು ಸೀಸೆಯಲ್ಲಿಟ್ಟು ಯಂತ್ರಕ್ಕೆ ಕೊಟ್ಟೆ, ಅದೇ ಒಂಟಿ ಗೋಪುರ ಬಂತು. ಅದೂ ಸಾಲದು. ಬಟ್ಟೆಯಲ್ಲಿ ಇದೆ, ಮೊಟ್ಟೆಯಲ್ಲೂ ಇದೆ, ಬಟ್ಟೆಯಿಂದಲೇ ಮೊಟ್ಟೆಗೆ ಹೋಯಿತು ಎನ್ನಲು ಏನು ಆಧಾರ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನೇ ಸಮಿತಿಯಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಅದೇ ಜಾಗದ, ಅದೇ ದಾರಿ ಬಂದ, ಬಟ್ಟೆಯ ಗಾಳಿ ತಾಗದ ಒಂದು ಮೊಟ್ಟೆ ಬೇಕಿತ್ತು.

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಪೆಟ್ಟಿಗೆ ತುಂಬಿದ ಮೇಲೆ ಸಿಕ್ಕಿದ ಕೊನೆಯ ಮೊಟ್ಟೆಯನ್ನು ಜೀವಶಾಸ್ತ್ರಜ್ಞ ತನ್ನ ಬುತ್ತಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಅದುಮಿ ಇಟ್ಟಿದ್ದ. ಸ್ಟೀಲನ್ನು ನ್ಯಾಫ್ತಲೀನ್ ದಾಟಲಾರದು. ಮುಚ್ಚಳ ಗಟ್ಟಿಯಾಗಿ ಕೂತಿದ್ದರೆ ಆ ಮೊಟ್ಟೆ ಶುದ್ಧವಾಗಿರಬೇಕು. ಕೂತಿರದಿದ್ದರೆ ಅದರಲ್ಲೂ ಗೋಪುರ ಎದ್ದು, ನನ್ನ ವಾದ ಅಲ್ಲಿಗೇ ಮುಗಿಯುತ್ತದೆ. ಬಟ್ಟೆಗೂ ಮೊಟ್ಟೆಗೂ ಸಂಬಂಧವಿಲ್ಲ, ಪೆಂಗ್ವಿನ್ ಒಳಗೇ ಅದು ಇತ್ತು ಎನ್ನುತ್ತಾರೆ, ಮೆಕ್ಯಾನಿಕ್ ಮನೆಗೆ ಹೋಗುತ್ತಾರೆ. ಅಂಥ ಮೊಟ್ಟೆ ಇದ್ದದ್ದು ಒಂದೇ ಒಂದು.

ನಿರ್ದೇಶಕರು ಬೇಡವೆಂದರು. "ಎರಡನೇ ಪೆಟ್ಟಿಗೆ ಮೊಟ್ಟೆಗಳನ್ನ ಇನ್ನೊಂದು ಲ್ಯಾಬಿಗೆ ಕಳ್ಸೋಣ ಅಂತ ಮಾತಾಗಿತ್ತಲ್ಲಮ್ಮ. ಇಲ್ಲಿ ಒಡೆದು ಕೆಟ್ಟು ಬಂದ್ರೆ ಮತ್ತೆ ಬಾಯಿ ಬಿಡೋ ಹಾಗಿಲ್ಲ ನಾವು. ಒಡೀದೆ ಇದ್ರೆ ಕಡೇಪಕ್ಷ ಅನುಮಾನದ ಲಾಭ ಅಂತ ಒಂದು ಸಿಗುತ್ತೆ ಅವನಿಗೆ."

ನಾನು ಒಂದು ದಿನವೆಲ್ಲ ಯೋಚಿಸಿದೆ. ಅನುಮಾನದ ಲಾಭ ಸಿಕ್ಕವನನ್ನು ಯಾರೂ ಎರಡನೇ ಸಲ ಹಡಗು ಹತ್ತಿಸುವುದಿಲ್ಲ. ಊರಿನಲ್ಲಿ ಡೀಸೆಲ್ ಕಳ್ಳ ಎಂಬ ಹೆಸರೂ ಅಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಹೋಗಿ, ಒಡೆಯುತ್ತೇನೆ ಸರ್ ಎಂದು ಹೇಳಿದೆ. ಅವರು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಪ್ರಯೋಗಾಲಯಕ್ಕೆ ಬಂದು ಒಂದು ಸ್ಟೂಲ್ ಎಳೆದುಕೊಂಡು ಕೂತರು.

ಬೇಸಿನ್ನಿನ ಗುಳಿಗೆಗಳನ್ನೆಲ್ಲ ಮೊದಲೇ ತೆಗೆಸಿ ಎಸೆಸಿದ್ದೆ. ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡಿರಲಿಲ್ಲ, ಬೀರುವಿನಲ್ಲಿಟ್ಟ ಬಟ್ಟೆ ಹಾಕಿಕೊಳ್ಳದೆ ಹಗ್ಗದ ಮೇಲೆ ಒಣಗಿದ್ದನ್ನೇ ಉಟ್ಟು ಬಂದಿದ್ದೆ. ಗಾಜಿನ ಸಾಮಾನನ್ನು ಕುಲುಮೆಯಲ್ಲಿ ಸುಟ್ಟು ತೆಗೆದಿದ್ದೆವು. ಪಕ್ಕದಲ್ಲಿ ಖಾಲಿ ಪರೀಕ್ಷೆ, ಸ್ವೆಟರಿನ ಮಡಿಕೆಯಲ್ಲಿದ್ದ ಒಂದು ಮೊಟ್ಟೆ, ಡಬ್ಬಿಯ ಮೊಟ್ಟೆ, ಮೂರಕ್ಕೂ ಬೇರೆ ಬೇರೆ ಪಾತ್ರೆ. ಜೀವಶಾಸ್ತ್ರಜ್ಞ ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದ. ಬರಲಿಲ್ಲ. ಮತ್ತೆ ಎಳೆದ, ಬರಲಿಲ್ಲ. ಅದು ಅಷ್ಟು ಬಿಗಿಯಾಗಿದ್ದದ್ದು ನೋಡಿ ನನಗೆ ಮೊದಲ ಸಲ ಉಸಿರು ಬಂತು.

ಯಂತ್ರಕ್ಕೆ ಮೊದಲು ಕೊಟ್ಟದ್ದು ಖಾಲಿ ಪರೀಕ್ಷೆ. ಶುದ್ಧ. ಆಮೇಲೆ ಬಟ್ಟೆಯಲ್ಲಿದ್ದ ಮೊಟ್ಟೆ, ಗೋಪುರ. ಕೊನೆಗೆ ಡಬ್ಬಿಯದು. ನ್ಯಾಫ್ತಲೀನ್ ಬೇಗ ಹೊರಬರುವ ವಸ್ತು, ಹೆಚ್ಚು ಕಾಯಿಸುವುದಿಲ್ಲ. ಆ ಜಾಗ ಹತ್ತಿರ ಬಂದಂತೆ ಮೂವರೂ ಪರದೆಯನ್ನೇ ನೋಡುತ್ತಿದ್ದೆವು. ಗೆರೆ ಸ್ವಲ್ಪ ಅಲುಗಿತು, ಜೀವಶಾಸ್ತ್ರಜ್ಞ ನನ್ನ ತೋಳು ಹಿಡಿದ. ಅಲುಗಿದ್ದು ಅಲ್ಲಿಗೇ ಇಳಿಯಿತು. ಗೆರೆ ಮುಂದೆ ಹೋಯಿತು, ಮಟ್ಟಸವಾಗಿ. ಜಾಗ ದಾಟಿತು.

ನಿರ್ದೇಶಕರು ಎದ್ದು ನಿಂತರು. "ಸರಿಯಮ್ಮ. ಬರಿ," ಎಂದು ಹೇಳಿ ಹೊರಟುಹೋದರು.

ಯಂತ್ರ ಇನ್ನೂ ಓಡುತ್ತಿತ್ತು. ತುಂಬ ಹೊತ್ತಾದ ಮೇಲೆ, ಕೊನೆಯ ಭಾಗದಲ್ಲಿ, ಇನ್ನೊಂದು ಏರು ಎದ್ದಿತು. ಡಿಡಿಟಿ ಒಡೆದು ಉಳಿಯುವ ಡಿಡಿಇ ಎಂಬ ವಸ್ತು ಅದು. ಬಟ್ಟೆಯ ಮೊಟ್ಟೆಯಲ್ಲೂ ಇತ್ತು, ಡಬ್ಬಿಯ ಮೊಟ್ಟೆಯಲ್ಲೂ ಇತ್ತು, ಖಾಲಿ ಪರೀಕ್ಷೆಯಲ್ಲಿ ಇರಲಿಲ್ಲ. ಧ್ರುವದ ಪ್ರಾಣಿಗಳಲ್ಲಿ ಅದನ್ನು ಕಂಡು ಕಂಡು ನಮಗೆ ಅಭ್ಯಾಸವಾಗಿದೆ. ಅವತ್ತು ಅದರ ಕಡೆ ನಾನು ಕಣ್ಣೆತ್ತಿಯೂ ನೋಡಲಿಲ್ಲ, ಖುಷಿಯಲ್ಲಿದ್ದೆ.

ಸಮಿತಿಯ ಮುಂದೆ ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಹಳೆಯ ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಹೇಳಿದೆ. ಅಲ್ಲಿದ್ದ ಒಬ್ಬರು ಕೇಳಬಾರದ್ದನ್ನೇ ಕೇಳಿದರು: ಆ ಉಣ್ಣೆ ಬಟ್ಟೆ ಯಾರದು? ಮೆಕ್ಯಾನಿಕ್ಕಿನದು ಎಂದರೆ ಹಾಗಾದರೆ ತಪ್ಪು ಅವನದೇ ಎಂದು ಶುರುವಾಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಜೀವಶಾಸ್ತ್ರಜ್ಞ ಎದ್ದ. "ಬಟ್ಟೆ ಅವರದು ಸರ್. ತುಂಬಿದ್ದು ನಾನು. ಪ್ಯಾಕಿಂಗ್ ನನ್ನ ಕೆಲಸ, ಅವರದ್ದಲ್ಲ." ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. ಅವನ ಬಗ್ಗೆ ನನಗೆ ಹೆಮ್ಮೆಯಾಯಿತು.

ಮೆಕ್ಯಾನಿಕ್ಕಿಗೆ ಕೆಲಸ ವಾಪಸ್ ಸಿಕ್ಕಿತು. ಆ ವರ್ಷದ ತಂಡ ಮಾತ್ರ ಅಷ್ಟರಲ್ಲಿ ಬೇರೊಬ್ಬರನ್ನು ಸೇರಿಸಿಕೊಂಡು ಹೊರಟಿತ್ತು. ಅವರು ಒಂದು ಮಧ್ಯಾಹ್ನ ಮತ್ತೆ ಬಂದರು. ಕ್ಯಾಂಟೀನಿನಲ್ಲಿ ಕೂರಿಸಿ ಕಾಫಿ ಹೇಳಿ, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಸ್ವೆಟರಿನ ವಿಷಯಕ್ಕೆ ಬಂದಾಗ ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ ನಗು ನಿಂತಿತು.

"ನಮ್ಮವ್ವ ಆಕಿಟ್ಟಿದ್ದು ಮೇಡಮ್ ಆ ಗುಳಿಗೆ. ಅವ್ಳಿಗೆ ಗೊತ್ತಾಗೋದು ಬ್ಯಾಡ. ಮಗನ್ ಕೆಲ್ಸಕ್ಕೆ ನಾನೇ ಕಲ್ಲಾಕ್ದೆ ಅಂತ ಕೊರಗ್ತಾಳೆ."

"ನಾನ್ಯಾಕೆ ಹೇಳ್ಲಿ."

ಅವರು ಲೋಟ ಕೆಳಗಿಟ್ಟರು. "ಅಂಗಾದ್ರೆ ಮೊಟ್ಟೇಲಿ ಏನೂ ಇರ್ಲಿಲ್ಲ ಅನ್ನಿ. ಚೆನ್ನಾಗೇ ಅವೆ."

ಹೂಂ ಅಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಏನೂ ಇರ್ಲಿಲ್ಲ ಅಂತಲ್ಲ. ನಿಮ್ಮ ಡೀಸೆಲ್ ಇರ್ಲಿಲ್ಲ. ಡಿಡಿಟಿ ಇದೆ."

"ಡಿಡಿಟಿನಾ? ಅಲ್ಲಿಗೆ ಯಾರು ತಂದ್ರು?"

"ಯಾರೂ ತರ್ಲಿಲ್ಲ. ಬಿಸಿ ಇರೋ ಕಡೆ ಹೊಡೆದಿದ್ದು ನಿಧಾನಕ್ಕೆ ಆವಿಯಾಗುತ್ತೆ, ಗಾಳೀಲಿ ಹೋಗುತ್ತೆ. ಚಳಿ ಇರೋ ಕಡೆ ಇಳಿಯುತ್ತೆ. ನೀರಿಂದ ಸೀಗಡಿಗೆ, ಸೀಗಡಿಯಿಂದ ಪೆಂಗ್ವಿನ್‌ಗೆ."

ಅವರು ಹಣೆ ಸುಕ್ಕಿಸಿ ನನ್ನನ್ನೇ ನೋಡಿದರು. "ನಾವ್ ಸಣ್ಣೋರಿದ್ದಾಗ ಮಲೇರಿಯಾದೋರು ಬಂದು ಗೋಡೆಗೆಲ್ಲ ಒಡೀತಿದ್ರಲ್ಲ, ಬೆಳ್ಳುಗೆ. ನಮ್ಮಪ್ಪ ಕೋಸಿಗೂ ಉದುರಿಸ್ತಿದ್ದ. ಅದೇನಾ?"

"ಅದೇ. ನಿಮ್ಮೂರದ್ದೇ ಅಂತ ಹೇಳಕ್ಕಾಗಲ್ಲ. ಎಲ್ಲಾ ದೇಶದೋರೂ ಹೊಡೆದಿದಾರೆ."

ಅವರು ಕಿಟಕಿಯಾಚೆ ನೋಡಿದರು. ಹೆಸರಘಟ್ಟ ರಸ್ತೆಯಲ್ಲಿ ಕಾಲೇಜಿನ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಮೇಲೆ, ಕೋಪವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

"ಇಲ್ದಿರೋ ಡೀಸೆಲ್‌ಗೆ ನನ್ನ ಕರ್ಸಿ ನಿಲ್ಸಿ ಕೇಳುದ್ರಲ್ಲ ಮೇಡಮ್. ಇರೋದಕ್ಕೆ ಯಾರ್‌ನ ಕರ್ಸ್ತಾರೆ?"

"ಯಾರನ್ನೂ ಕರ್ಸಲ್ಲ," ಎಂದೆ.